ಅಕ್ಕನ ಜೊತೆ ಎರಡು ಕಿಲೋಮೀಟರು

ಬೆಂಗಳೂರಿನ ಸಿಟಿ ರೈಲ್ವೆ ಸ್ಟೇಷನ್ನಿನಿಂದ ಫ್ರೀಡಂ ಪಾರ್ಕಿಗೆ ಸುಮಾರು ಎರಡು ಕಿಲೋಮೀಟರು. ಆಟೋದವರು ಮನಸ್ಸು ಮಾಡಿದರೆ ಹತ್ತು ನಿಮಿಷದ ದಾರಿ. ಅವರು ಮನಸ್ಸು ಮಾಡುವುದೇ ಕಷ್ಟ. ನಡೆದರೆ ಅರ್ಧ ಗಂಟೆ ಸಾಕು. ಲಾಡ್ಜುಗಳು, ಟ್ರಾವೆಲ್ಸಿನ ಬೋರ್ಡುಗಳು, ಒಂದು ಮೇಲ್ಸೇತುವೆ, ಅದರ ಕೆಳಗೆ ಹೊಗೆ. ಪ್ರವಾಸದ ಪುಸ್ತಕಗಳಲ್ಲಿ ಈ ದಾರಿಯ ಹೆಸರನ್ನು ಯಾರೂ ಬರೆದಿರಲಿಕ್ಕಿಲ್ಲ.

ನಾನು ವೃತ್ತಿಯಿಂದ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಮೂವತ್ತು ವರ್ಷಗಳಿಂದ ಮಕ್ಕಳನ್ನು ಬೇಲೂರು, ಹಂಪಿ, ಜೋಗ ಎಂದು ಪ್ರವಾಸಕ್ಕೆ ಕರೆದುಕೊಂಡು ಹೋಗಿ, ತಲೆ ಎಣಿಸಿ ಬಸ್ಸು ಹತ್ತಿಸಿ, ತಲೆ ಎಣಿಸಿ ಇಳಿಸಿದ್ದೇನೆ. ಅಷ್ಟೆಲ್ಲ ಊರು ನೋಡಿದರೂ ನನಗೆ ಮತ್ತೆ ಮತ್ತೆ ನೆನಪಾಗುವುದು ಈ ಎರಡು ಕಿಲೋಮೀಟರಿನ ದಾರಿ. ಅದನ್ನು ನಾನು ಮೊದಲ ಬಾರಿಗೆ ನಡೆದದ್ದು 2017ರ ಮಾರ್ಚ್ 20ರಂದು, ಸೋಮವಾರ, ನನ್ನ ಅಕ್ಕನ ಹಿಂದೆ.

ಹೊರಟಿದ್ದು

ನಮ್ಮದು ಕಡೂರು ತಾಲ್ಲೂಕಿನ ಒಂದು ಹಳ್ಳಿ. ತೆಂಗು, ರಾಗಿ, ಮಳೆ ಕೈ ಹಿಡಿದರೆ ಈರುಳ್ಳಿ. ಮನೆಯಲ್ಲಿ ಐದು ಮಕ್ಕಳು. ಅಕ್ಕ ಮೊದಲನೆಯವಳು, ನಾನು ಕೊನೆಯವನು. ಎಸ್ಸೆಸ್ಸೆಲ್ಸಿ ಪಾಸಾಗಿದ್ದ ಅಕ್ಕ 1983ರಲ್ಲಿ ಊರಿನ ಅಂಗನವಾಡಿಗೆ ಕಾರ್ಯಕರ್ತೆಯಾಗಿ ಸೇರಿದಳು. ಮೆಟ್ರಿಕ್ ಆದವರಿಗೆ ಆಗ ಕೇಂದ್ರ ಸರ್ಕಾರ ಗೊತ್ತು ಮಾಡಿದ್ದ ಗೌರವಧನ ತಿಂಗಳಿಗೆ 175 ರೂಪಾಯಿ. 1986ರಲ್ಲಿ ಅದು 275 ಆಯಿತು. ನಾನು ಬಿಎಸ್ಸಿಗೆ ಸೇರಿದ್ದು ಅದೇ ವರ್ಷ. ಹಾಸ್ಟೆಲ್ಲಿನ ದುಡ್ಡು, ಪ್ರಾಕ್ಟಿಕಲ್ ರೆಕಾರ್ಡು, ಒಂದು ಜೊತೆ ಚಪ್ಪಲಿ, ಎಲ್ಲ ಆ 275ರಲ್ಲಿ ಆಗಬೇಕು. ಆಯಿತು ಕೂಡ. ಹೇಗೆ ಆಯಿತು ಎಂದು ನಾನು ಆಗ ಕೇಳಲಿಲ್ಲ.

ನಾನು ಬಿಇಡಿ ಮುಗಿಸಿ ಸರ್ಕಾರಿ ಕೆಲಸಕ್ಕೆ ಸೇರಿದ ಮೇಲೆ ಅಕ್ಕನನ್ನು ತಮಾಷೆ ಮಾಡುತ್ತಿದ್ದೆ. ‘ನಿಂದೇನಕ್ಕ, ಅರ್ಧ ದಿನದ ಕೆಲಸ. ಮಕ್ಕಳ ಜೊತೆ ಆಟ ಆಡ್ಕೊಂಡು ಉಪ್ಪಿಟ್ಟು ತಿನ್ನೋದು’ ಎನ್ನುತ್ತಿದ್ದೆ. ಅಕ್ಕ ನಗುತ್ತಿದ್ದಳು. ಹಾಗೆ ನಗುವವರನ್ನು ನಾವು ಒಪ್ಪಿಕೊಂಡರು ಎಂದು ತಿಳಿಯುತ್ತೇವೆ.

2017ರ ಮಾರ್ಚ್‌ನಲ್ಲಿ ಅಕ್ಕನಿಗೆ ಐವತ್ತಾರು. ಒಂದು ಭಾನುವಾರ ಬೆಳಿಗ್ಗೆ ನಮ್ಮ ಮನೆಗೆ ಬಂದವಳು, ‘ಲೋ ತಮ್ಮ, ಇವತ್ತು ರಾತ್ರಿ ರೈಲಿಗೆ ಬೆಂಗಳೂರಿಗೆ ಹೋಗ್ತಿದೀವಿ, ಸಂಘದಿಂದ. ಭಾವನಿಗೆ ಮಂಡಿ ನೋವು. ನೀನು ಬರ್ತೀಯಾ?’ ಎಂದಳು. ನನಗೆ ಮೊದಲು ನೆನಪಾಗಿದ್ದು ಸರ್ಕಾರಿ ನೌಕರರ ನಡತೆ ನಿಯಮಗಳು. ಯಾರಾದರೂ ಫೋಟೋ ತೆಗೆದರೆ? ಪೇಪರಿನಲ್ಲಿ ಬಂದರೆ? ‘ನೀನು ಕೂಗೋದೇನೂ ಬೇಡ, ಬ್ಯಾಗ್ ಹಿಡ್ಕೊಂಡ್ರೆ ಸಾಕು’ ಎಂದಳು ಅಕ್ಕ. ಎರಡು ದಿನ ಸಾಂದರ್ಭಿಕ ರಜೆ ಬರೆದುಕೊಟ್ಟು ಹೊರಟೆ.

ಬೀರೂರಿನಲ್ಲಿ ರೈಲು ಹತ್ತಿದಾಗ ಬೋಗಿ ಆಗಲೇ ತುಂಬಿತ್ತು. ತರೀಕೆರೆ, ಭದ್ರಾವತಿ, ಶಿವಮೊಗ್ಗದ ಕಡೆಯ ಕಾರ್ಯಕರ್ತೆಯರು, ಸಹಾಯಕಿಯರು. ಸೀಟಿನ ಕೆಳಗೆಲ್ಲ ಬುತ್ತಿಯ ಗಂಟು: ರೊಟ್ಟಿ, ಶೇಂಗಾ ಚಟ್ನಿ, ಚಿತ್ರಾನ್ನ. ಅರಸೀಕೆರೆಯಲ್ಲಿ ಇನ್ನೊಂದಿಷ್ಟು ಜನ ಹತ್ತಿದರು, ತಿಪಟೂರಿನಲ್ಲಿ ಮತ್ತಷ್ಟು. ಗಂಡಸರು ಬೆರಳೆಣಿಕೆಯಷ್ಟು. ನಾವೆಲ್ಲ ಬಾಗಿಲ ಹತ್ತಿರ ನಿಂತೆವು. ನಮ್ಮ ನಮ್ಮ ಕೈಯಲ್ಲಿ ಒಂದೊಂದು ಹೆಂಗಸರ ಬ್ಯಾಗು.

ಫುಟ್‌ಪಾತಿನ ಮೇಲೆ

ಬೆಳಿಗ್ಗೆ ಸ್ಟೇಷನ್ನಿನ ಮುಂದೆ ಇಳಿದಾಗ ರಾಯಚೂರಿನಿಂದ, ಬೀದರಿನಿಂದ, ಬೆಳಗಾವಿಯಿಂದ ಬಂದವರು ನೆಲದ ಮೇಲೆ ಕುಳಿತು ಜಡೆ ಹಾಕಿಕೊಳ್ಳುತ್ತಿದ್ದರು. ಈ ಸ್ಟೇಷನ್ನಿಗೆ ಈಗ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣನ ಹೆಸರು. ಎದುರಿನ ಕೆಂಪೇಗೌಡ ಬಸ್ ನಿಲ್ದಾಣ ನಿಂತಿರುವುದು ಹಳೆಯ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ನೀರು ಬತ್ತಿದ ಕೆರೆಗೆ ಅಂದು ಮಾತ್ರ ಸುತ್ತಲಿಂದ ಹಳ್ಳಗಳು ಹರಿದು ಬಂದಂತೆ ಕಾಣುತ್ತಿತ್ತು.

ಅಂಗನವಾಡಿ ನೌಕರರ ಸಂಘ ಸಿಐಟಿಯು ಕಾರ್ಮಿಕ ಸಂಘಟನೆಗೆ ಸೇರಿದ್ದು, ಹೀಗಾಗಿ ಕೆಂಪು ಬಾವುಟಗಳೇ ಹೆಚ್ಚು. ಆದರೆ ಬಂದವರು ಅವರಷ್ಟೇ ಅಲ್ಲ. ಬಿಸಿಯೂಟದ ಅಡುಗೆಯವರು ಇದ್ದರು. ದಲಿತ ಸಂಘಟನೆಯ ನೀಲಿ ಶಾಲಿನವರು, ಕಾಲೇಜು ಹುಡುಗ ಹುಡುಗಿಯರು, ಮಹಿಳಾ ಸಂಘದವರು. ಒಬ್ಬ ಗಾರ್ಮೆಂಟ್ಸ್ ಹೆಣ್ಣುಮಗಳು ಫ್ಯಾಕ್ಟರಿಗೆ ರಜೆ ಹಾಕಿ ಬಂದಿದ್ದಳು. ಅವಳ ತಾಯಿ ಮಾಗಡಿ ಕಡೆಯ ಹಳ್ಳಿಯೊಂದರಲ್ಲಿ ಸಹಾಯಕಿಯಂತೆ. ಹಿಂದಿನ ವರ್ಷ, 2016ರ ಏಪ್ರಿಲ್‌ನಲ್ಲಿ, ಭವಿಷ್ಯನಿಧಿಯ ಹೊಸ ನಿಯಮದ ವಿರುದ್ಧ ಇದೇ ನಗರದ ಗಾರ್ಮೆಂಟ್ಸ್ ಹೆಂಗಸರು ದಿಢೀರನೆ ರಸ್ತೆಗೆ ಇಳಿದದ್ದು ಓದುಗರಿಗೆ ನೆನಪಿರಬಹುದು. ಎರಡೇ ದಿನದಲ್ಲಿ ಆ ನಿಯಮವನ್ನು ಕೇಂದ್ರ ಹಿಂದಕ್ಕೆ ಪಡೆಯಿತು. ‘ಅವತ್ತು ನಮಗೆ ಲೀಡರೇ ಇರಲಿಲ್ಲ ಸಾರ್, ಸುಮ್ನೆ ಎದ್ದು ಬಂದ್ವಿ’ ಎಂದಳು ಆ ಹುಡುಗಿ.

ಬೇಡಿಕೆ ಸರಳವಾಗಿತ್ತು. ಐದು ದಿನದ ಹಿಂದೆ ರಾಜ್ಯದ ಬಜೆಟ್ಟಿನಲ್ಲಿ ಕಾರ್ಯಕರ್ತೆಯರ ಗೌರವಧನಕ್ಕೆ ಒಂದು ಸಾವಿರ ಸೇರಿಸಿದ್ದರು. ಇವರು ಕೇಳಿದ್ದು ತಿಂಗಳಿಗೆ ಕನಿಷ್ಠ ಹತ್ತು ಸಾವಿರ.

ಮೆರವಣಿಗೆ ಹೊರಟಿತು. ಅಕ್ಕ ತನ್ನ ತಾಲ್ಲೂಕಿನವರ ಸಾಲಿಗೆ ಸೇರಿಕೊಂಡಳು. ನಾನು ಫುಟ್‌ಪಾತ್ ಹತ್ತಿದೆ. ರಸ್ತೆಗೂ ಫುಟ್‌ಪಾತಿಗೂ ನಡುವೆ ಇರುವುದು ಆರಿಂಚು ಎತ್ತರದ ಒಂದು ಕಲ್ಲು. ಅದರ ಮೇಲೆ ಇದ್ದವನು ದಾರಿಹೋಕ, ಕೆಳಗೆ ಇಳಿದವನು ಪ್ರತಿಭಟನಾಕಾರ. ಬ್ಯಾಗು ಹಿಡಿದುಕೊಂಡು ಅಕ್ಕನ ಸಮಕ್ಕೆ, ಆದರೆ ಕಲ್ಲಿನ ಈಚೆಗೆ, ಹೆಜ್ಜೆ ಹಾಕಿದೆ. ನನ್ನನ್ನು ನೋಡಿದವರು ಯಾರೋ ಲಾಡ್ಜ್ ಹುಡುಕುತ್ತಿದ್ದಾರೆ ಎಂದುಕೊಳ್ಳಬೇಕು, ಹಾಗೆ.

ಆನಂದರಾವ್ ಸರ್ಕಲ್ಲಿನ ಹತ್ತಿರ ಸ್ವಲ್ಪ ಮುಂದೆ ಓಡಿ, ಮೇಷ್ಟ್ರ ಅಭ್ಯಾಸ, ಒಂದು ದೀಪದ ಕಂಬವನ್ನು ಗುರುತು ಮಾಡಿಕೊಂಡು ಎಣಿಸತೊಡಗಿದೆ. ನಿಮಿಷಕ್ಕೆ ಮೂವತ್ತು ಸಾಲು, ಸಾಲಿಗೆ ಐದಾರು ಜನ. ಇಪ್ಪತ್ತು ನಿಮಿಷ ಎಣಿಸಿದ ಮೇಲೆ ಲೆಕ್ಕ ತಪ್ಪಿತು. ಮೆರವಣಿಗೆ ಮುಗಿದಿರಲಿಲ್ಲ.

ಅಂದು ವಿಷುವದ ದಿನ. ಹಗಲು ಇರುಳು ಹೆಚ್ಚು ಕಡಿಮೆ ಸಮ. ಆ ದಿನ ನಡು ಮಧ್ಯಾಹ್ನ ಸೂರ್ಯ ನೆತ್ತಿಯಿಂದ ಆ ಊರಿನ ಅಕ್ಷಾಂಶದಷ್ಟು ಮಾತ್ರ ವಾಲಿರುತ್ತಾನೆ. ಬೆಂಗಳೂರಿನ ಅಕ್ಷಾಂಶ 13 ಡಿಗ್ರಿ. ಐದಡಿ ಎತ್ತರದ ಹೆಂಗಸಿಗೆ ಒಂದಡಿಗಿಂತ ತುಸು ಹೆಚ್ಚು ನೆರಳು. ಅಂದರೆ ಒಬ್ಬರ ನೆರಳು ಇನ್ನೊಬ್ಬರಿಗೆ ಆಗುವಂತಿಲ್ಲ. ಎಲ್ಲರೂ ಸೆರಗನ್ನು ತಲೆಗೆ ಹಾಕಿಕೊಂಡಿದ್ದರು.

ನಿಂತ ಬಸ್ಸಿನಿಂದ ಒಬ್ಬರು ತಲೆ ಹೊರಗೆ ಹಾಕಿ, ‘ಇವರಿಗೇನು ಮಾಡೋಕೆ ಕೆಲಸ ಇಲ್ವೇನ್ರಿ?’ ಎಂದು ನನ್ನನ್ನೇ ಕೇಳಿದರು. ಫುಟ್‌ಪಾತಿನವನು, ತಮ್ಮವನೇ ಎಂದು ತಿಳಿದಿರಬೇಕು. ನಾನು ‘ಹೂಂ’ ಎಂದೆ. ಬಾಯಿಗೆ ಅಷ್ಟೇ ಬಂತು. ಅಕ್ಕನಿಗೆ ಕೇಳಿಸಿತೋ ಇಲ್ಲವೋ ತಿಳಿಯದು. ಅವಳು ನೇರ ಮುಂದೆ ನೋಡುತ್ತಿದ್ದಳು.

ಕೆಲಸ ಎಂದರೆ

ಒಂಬತ್ತನೆಯ ತರಗತಿಗೆ ನಾನು ಪ್ರತಿ ವರ್ಷ ‘ಕೆಲಸ’ ಎಂಬ ಪಾಠ ಮಾಡುತ್ತೇನೆ. ಬಲವನ್ನು ಸ್ಥಾನಪಲ್ಲಟದಿಂದ ಗುಣಿಸಿದರೆ ಕೆಲಸ. ತಲೆಯ ಮೇಲೆ ಹೊರೆ ಹೊತ್ತು ನಿಂತಲ್ಲೇ ನಿಂತವನು, ಎಷ್ಟೇ ಬೆವರಲಿ, ಹೊರೆಯ ಮೇಲೆ ಮಾಡಿದ ಕೆಲಸ ಸೊನ್ನೆ. ಮಕ್ಕಳು ಇದನ್ನು ಒಪ್ಪುವುದಿಲ್ಲ. ಪ್ರತಿ ವರ್ಷ ಯಾರಾದರೂ ಒಬ್ಬ ಹುಡುಗಿ ಎದ್ದು, ‘ಹಾಗಾದರೆ ಅಮ್ಮ ಮಗು ಎತ್ಕೊಂಡು ನಿಂತರೆ ಕೆಲಸ ಅಲ್ವಾ ಸಾರ್?’ ಎಂದು ಕೇಳಿಯೇ ಕೇಳುತ್ತಾಳೆ. ‘ಪರೀಕ್ಷೆಯಲ್ಲಿ ಸೊನ್ನೆ ಎಂದೇ ಬರಿ’ ಎನ್ನುತ್ತಿದ್ದೆ.

ಬಸ್ಸಿನವರ ಪ್ರಶ್ನೆ ಕೇಳಿದ ಮೇಲೆ ಅಕ್ಕನ ದಿನವನ್ನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಅಂಗನವಾಡಿಯ ಯೋಜನೆಯಲ್ಲಿ ಆರು ಸೇವೆಗಳಿವೆ: ಪೂರಕ ಆಹಾರ, ಶಾಲಾಪೂರ್ವ ಶಿಕ್ಷಣ, ತಾಯಂದಿರಿಗೆ ಆರೋಗ್ಯ ಶಿಕ್ಷಣ, ಲಸಿಕೆ, ಆರೋಗ್ಯ ತಪಾಸಣೆ, ಕಾಯಿಲೆ ಬಿದ್ದವರನ್ನು ಆಸ್ಪತ್ರೆಗೆ ಕಳಿಸುವುದು. ಮಗುವೊಂದಕ್ಕೆ ದಿನಕ್ಕೆ 500 ಕ್ಯಾಲೊರಿ, 12ರಿಂದ 15 ಗ್ರಾಂ ಪ್ರೋಟೀನು ಕೊಡಬೇಕು. ತೀರ ಬಡಕಲಾದ ಮಗುವಿಗೆ 800. ತಿಂಗಳು ತಿಂಗಳು ತೂಕ ನೋಡಿ, ಬೆಳವಣಿಗೆಯ ಪಟ್ಟಿಯಲ್ಲಿ ಚುಕ್ಕೆ ಇಟ್ಟು, ಚುಕ್ಕೆ ಹಸಿರಿನಲ್ಲಿದೆಯೋ, ಹಳದಿಗೆ ಜಾರಿತೋ, ಕಿತ್ತಳೆಗೆ ಬಿತ್ತೋ ನೋಡಬೇಕು. ಅದರ ಮೇಲೆ ಹನ್ನೊಂದು ರಿಜಿಸ್ಟರು, ಪೋಲಿಯೋ ಹನಿ, ಮನೆ ಮನೆ ಸಮೀಕ್ಷೆ.

ನನ್ನ ಪ್ರಯೋಗಶಾಲೆಯಲ್ಲಿ ತಕ್ಕಡಿಯ ಮುಳ್ಳು ಒಂದು ಕೂದಲೆಳೆ ಓಡಿದರೆ ನಾನು ಅದನ್ನು ವಿಜ್ಞಾನ ಎನ್ನುತ್ತೇನೆ. ಅಳುವ ಮಗುವನ್ನು ತಕ್ಕಡಿಗೆ ನೇತುಹಾಕಿ, ಮುಳ್ಳು ನಿಲ್ಲುವ ಒಂದು ಕ್ಷಣ ಹಿಡಿದು ನೂರು ಗ್ರಾಂ ವ್ಯತ್ಯಾಸ ಗುರುತಿಸುವ ಅಕ್ಕನನ್ನು ನಾನು ‘ಮಕ್ಕಳ ಜೊತೆ ಆಡುವವಳು’ ಎಂದಿದ್ದೆ. ನನ್ನ ತರಗತಿಗೆ ಬಂದು ಕೂರುವ ಮಗುವಿನ ಮೆದುಳು ಬೆಳೆಯುವ ಮುಖ್ಯ ವರ್ಷಗಳು ಅವಳ ಕೈಯಲ್ಲಿ ಕಳೆದಿರುತ್ತವೆ. ನಾನು ಪಾಠ ಮಾಡುವುದು ಅವಳು ತೂಗಿ ಕಳಿಸಿದ ಮಕ್ಕಳಿಗೆ.

ನನ್ನದಕ್ಕೆ ಸಂಬಳ ಎಂದು ಹೆಸರು. ತುಟ್ಟಿಭತ್ಯೆ, ಬಡ್ತಿ, ಮುಂದೆ ಪಿಂಚಣಿ. ಅವಳದಕ್ಕೆ ಗೌರವಧನ. ಎಷ್ಟು ಚೆಂದದ ಮಾತು! ಸಂಬಳ ಕಡಿಮೆ ಆದರೆ ಕೇಳಬಹುದು. ಗೌರವವನ್ನು ಇನ್ನಷ್ಟು ಕೊಡಿ ಎಂದು ಕೇಳುವುದು ಹೇಗೆ? ಕರ್ನಾಟಕದಿಂದಲೇ ಹೋದ ಒಂದು ಮೊಕದ್ದಮೆಯಲ್ಲಿ, 2006ರಲ್ಲಿ, ಅಂಗನವಾಡಿ ಕಾರ್ಯಕರ್ತೆಯರದು ಸರ್ಕಾರದ ನಾಗರಿಕ ಹುದ್ದೆ ಅಲ್ಲ ಎಂದು ಸುಪ್ರೀಂ ಕೋರ್ಟು ಹೇಳಿತು. 2013ರಲ್ಲಿ ಸರ್ಕಾರ, ಮಾಲೀಕರು, ಕಾರ್ಮಿಕರು ಮೂವರೂ ಕೂರುವ ಭಾರತೀಯ ಕಾರ್ಮಿಕ ಸಮ್ಮೇಳನವು ಇವರನ್ನು ಕಾರ್ಮಿಕರೆಂದು ಒಪ್ಪಿ ಕನಿಷ್ಠ ವೇತನ ಕೊಡಿ ಎಂದು ಶಿಫಾರಸು ಮಾಡಿತು. ಆ ಶಿಫಾರಸು ಬಂದು ನಾಲ್ಕು ವರ್ಷದ ಮೇಲೆ ಇವರು ಬಿಸಿಲಿನಲ್ಲಿ ನಡೆಯುತ್ತಿದ್ದರು.

ಮೇಲ್ಸೇತುವೆ ದಾಟುವಾಗ ಬ್ಯಾನರಿನ ಒಂದು ತುದಿ ಹಿಡಿದಿದ್ದ ಹೆಂಗಸಿನ ಚಪ್ಪಲಿ ಕಿತ್ತುಹೋಯಿತು. ಅವರು ಅತ್ತಿತ್ತ ನೋಡಿ, ಫುಟ್‌ಪಾತಿನ ಮೇಲಿದ್ದ ನನಗೆ, ‘ಅಣ್ಣ, ಒಂದ್ ನಿಮಿಷ ಹಿಡೀರಿ’ ಎಂದು ಕೋಲು ಚಾಚಿದರು. ಹಿಡಿಯಬೇಕಾದರೆ ಕೆಳಗೆ ಇಳಿಯಬೇಕು. ಇಳಿದೆ. ಅವರು ಚಪ್ಪಲಿಗೆ ಪಿನ್ನು ಹಾಕಿ, ಅದೂ ನಿಲ್ಲದೆ, ಚಪ್ಪಲಿಯನ್ನು ಕೈಚೀಲಕ್ಕೆ ತುರುಕಿ ಬರಿಗಾಲಿನಲ್ಲಿ ನಡೆಯತೊಡಗಿದರು. ಕೋಲನ್ನು ವಾಪಸ್ಸು ಕೇಳಲಿಲ್ಲ. ನಾನೂ ಕೊಡಲಿಲ್ಲ. ಶೇಷಾದ್ರಿ ರಸ್ತೆ ತಲುಪುವವರೆಗೆ ಆ ಕೋಲು ನನ್ನ ಕೈಯಲ್ಲೇ ಇತ್ತು. ಅಕ್ಕ ಒಮ್ಮೆ ತಿರುಗಿ ನೋಡಿದಳು, ಏನೂ ಅನ್ನಲಿಲ್ಲ.

ಜೈಲಿನ ಗೋಡೆ

ಫ್ರೀಡಂ ಪಾರ್ಕು ಮೊದಲು ಬೆಂಗಳೂರಿನ ಸೆಂಟ್ರಲ್ ಜೈಲು. ಕೈದಿಗಳನ್ನು ಪರಪ್ಪನ ಅಗ್ರಹಾರಕ್ಕೆ ಸಾಗಿಸಿದ ಮೇಲೆ, 2008ರಲ್ಲಿ, ಉದ್ಯಾನವಾಗಿ ತೆರೆದರು. ನಡುವಿನ ಕಾವಲು ಗೋಪುರವನ್ನೂ ಕೆಲವು ಬ್ಯಾರಕ್ಕುಗಳನ್ನೂ ಹಾಗೆಯೇ ಉಳಿಸಿದ್ದಾರೆ. ಗೋಪುರದ ಮೇಲೆ ನಿಂತ ಒಬ್ಬನೇ ಕಾವಲುಗಾರ ಸುತ್ತಲಿನವರೆಲ್ಲರ ಮೇಲೆ ಕಣ್ಣಿಡುವ ಹಾಗೆ ಕಟ್ಟಿದ್ದು.

1975ರ ಜೂನ್‌ನಲ್ಲಿ ತುರ್ತು ಪರಿಸ್ಥಿತಿ ಹೇರಿದಾಗ, ಸಂಸದೀಯ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಇವರನ್ನೆಲ್ಲ ಇಟ್ಟದ್ದು ಇಲ್ಲೇ. ಅವರ ಕಥೆ ಎಲ್ಲರಿಗೂ ಗೊತ್ತು. ಸ್ನೇಹಲತಾ ರೆಡ್ಡಿಯವರ ಕಥೆ ಅಷ್ಟು ಜನರಿಗೆ ಗೊತ್ತಿಲ್ಲ. 1970ರ ‘ಸಂಸ್ಕಾರ’ ಚಿತ್ರದಲ್ಲಿ ಚಂದ್ರಿಯ ಪಾತ್ರ ಮಾಡಿದ ನಟಿ. 1976ರಲ್ಲಿ ಅವರನ್ನು ಬಂಧಿಸಿ ಈ ಜೈಲಿನಲ್ಲಿ ತಿಂಗಳುಗಟ್ಟಲೆ ಇಟ್ಟರು. ಅವರಿಗೆ ತೀವ್ರವಾದ ಅಸ್ತಮಾ ಇತ್ತು. 1977ರ ಜನವರಿಯಲ್ಲಿ ಪೆರೋಲಿನ ಮೇಲೆ ಹೊರಗೆ ಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು.

ಆ ಗೋಡೆಯ ಪಕ್ಕ ಕೂತು ನನಗೆ ಹೊಳೆದದ್ದು ವರ್ಷಗಳ ಒಂದು ಲೆಕ್ಕ. 1975 ವಿಶ್ವಸಂಸ್ಥೆ ಘೋಷಿಸಿದ ಅಂತರರಾಷ್ಟ್ರೀಯ ಮಹಿಳಾ ವರ್ಷ. ಅದೇ ವರ್ಷದ ಅಕ್ಟೋಬರ್ 2ರಂದು ಅಂಗನವಾಡಿ ಯೋಜನೆ ಆರಂಭವಾಯಿತು. ದೇಶದಲ್ಲಿ ಮೊದಲಿಗೆ 33 ಕಡೆ. ನಮ್ಮ ರಾಜ್ಯದಲ್ಲಿ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ. ಒಂದೇ ವರ್ಷದಲ್ಲಿ ದೇಶ ಹೆಣ್ಣಿನ ಹೆಸರಿನಲ್ಲಿ ಹಬ್ಬ ಮಾಡಿತು, ಮಾತಾಡುವವರನ್ನು ಒಳಗೆ ಹಾಕಿತು, ಮಕ್ಕಳನ್ನು ನೋಡಿಕೊಳ್ಳಿ ಎಂದು ಹಳ್ಳಿಯ ಹೆಣ್ಣುಮಕ್ಕಳಿಗೆ ಹೇಳಿತು. ನಲವತ್ತೆರಡು ವರ್ಷದ ಮೇಲೆ ಆ ಹೆಣ್ಣುಮಕ್ಕಳು ಮಾತಾಡಲು ಬಂದು ಅದೇ ಜೈಲಿನ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದರು.

ಮಾರ್ಚ್ 8ರ ಹಿಂದೆಯೂ ಒಂದು ಮೆರವಣಿಗೆಯ ಕಥೆಯಿದೆ. 1910ರಲ್ಲಿ ಕೋಪನ್‌ಹೇಗನ್ನಿನ ಸಮ್ಮೇಳನದಲ್ಲಿ ಕ್ಲಾರಾ ಜೆಟ್ಕಿನ್ ಮಹಿಳೆಯರಿಗೆ ಒಂದು ದಿನ ಬೇಕು ಎಂದರು. ಯುರೋಪಿನಲ್ಲಿ ಅದನ್ನು ಮೊದಲು ಆಚರಿಸಿದ್ದು 1911ರ ಮಾರ್ಚ್ 19ರಂದು. 1917ರಲ್ಲಿ ರಷ್ಯಾದ ಪೆಟ್ರೋಗ್ರಾಡ್ ನಗರದ ಬಟ್ಟೆ ಗಿರಣಿಯ ಹೆಂಗಸರು ರೊಟ್ಟಿ ಬೇಕು ಎಂದು ಮುಷ್ಕರ ಹೂಡಿ ಬೀದಿಗೆ ಬಂದರು. ಅವರ ಹಳೆಯ ಪಂಚಾಂಗದಲ್ಲಿ ಅಂದು ಫೆಬ್ರುವರಿ 23. ಆ ಪಂಚಾಂಗ ನಮ್ಮದಕ್ಕಿಂತ 13 ದಿನ ಹಿಂದೆ ಇದ್ದದ್ದರಿಂದ ನಮಗೆ ಮಾರ್ಚ್ 8. ಶಾಲೆಯಲ್ಲಿ ಆ ದಿನ ನಾವು ಶಿಕ್ಷಕಿಯರಿಗೆ ಒಂದೊಂದು ಗುಲಾಬಿ ಕೊಟ್ಟು ಫೋಟೋ ತೆಗೆಸಿಕೊಳ್ಳುತ್ತೇವೆ. ಗಿರಣಿಯ ಹೆಂಗಸರ ಮಾತು ಯಾರೂ ಎತ್ತುವುದಿಲ್ಲ. 2017ರಲ್ಲಿ ಆ ಮುಷ್ಕರಕ್ಕೆ ಸರಿಯಾಗಿ ನೂರು ವರ್ಷ ತುಂಬಿತ್ತು.

ರಸ್ತೆಯಲ್ಲಿ ರಾತ್ರಿ

ಸಂಜೆಗೆ ಮುಗಿಯುತ್ತದೆ ಎಂದುಕೊಂಡಿದ್ದೆ. ಮುಗಿಯಲಿಲ್ಲ. ಉತ್ತರ ಸಿಗುವವರೆಗೆ ಏಳುವುದಿಲ್ಲ ಎಂದು ಹೆಂಗಸರು ರಸ್ತೆಯಲ್ಲೇ ಕೂತರು. ಕತ್ತಲಾದ ಮೇಲೆ ಸೀರೆ ಹಾಸಿಕೊಂಡು, ಚಪ್ಪಲಿಯನ್ನು ಬಟ್ಟೆಯಲ್ಲಿ ಸುತ್ತಿ ತಲೆಯ ಕೆಳಗೆ ಇಟ್ಟುಕೊಂಡು ಮಲಗಿದರು. ಹಗಲೆಲ್ಲ ಕಾದ ಡಾಂಬರು ಬಹಳ ಹೊತ್ತು ಬಿಸಿ ಬಿಡುತ್ತಿತ್ತು; ನಡುರಾತ್ರಿಯ ಮೇಲೆ ಅದೇ ಡಾಂಬರು ತಣ್ಣಗೆ ಕೊರೆಯತೊಡಗಿತು.

ಎಲ್ಲಕ್ಕಿಂತ ದೊಡ್ಡ ಕಷ್ಟ ಶೌಚಾಲಯದ್ದು. ಅಷ್ಟು ಸಾವಿರ ಹೆಂಗಸರಿಗೆ ಎಲ್ಲಿಂದ ಸಾಲಬೇಕು? ನನ್ನ ಪಕ್ಕ ಕೂತ ಗದಗಿನ ಕಡೆಯ ಹೆಂಗಸೊಬ್ಬರಿಗೆ ನೀರಿನ ಬಾಟಲಿ ಕೊಡಹೋದೆ. ‘ಬ್ಯಾಡ್ರೀ ಸರ’ ಎಂದರು. ಅಕ್ಕನಿಗೆ ಕೊಟ್ಟೆ. ಅವಳೂ ಬೇಡ ಎಂದಳು. ಬೆಳಗಿನಿಂದ ಅವರೆಲ್ಲ ನೀರು ಕುಡಿಯುವುದನ್ನೇ ಬಿಟ್ಟಿದ್ದರು ಎಂದು ನನಗೆ ಗೊತ್ತಾಗಿದ್ದು ಆಗ. ಬಿಸಿಲಿನಲ್ಲಿ ನೀರು ಕಡಿಮೆಯಾದರೆ ಮೂತ್ರಪಿಂಡಕ್ಕೆ ಏನಾಗುತ್ತದೆ ಎಂದು ಬೋರ್ಡಿನ ಮೇಲೆ ಚಿತ್ರ ಬರೆದು ಹೇಳುವವನು ನಾನು. ಗರ್ಭಿಣಿಯರಿಗೆ ದಿನಾ ನೀರು ಕುಡಿಯಿರಿ ಎಂದು ಹೇಳುವವರು ಇವರು. ಇಬ್ಬರೂ ಬಾಟಲಿ ನಡುವೆ ಇಟ್ಟುಕೊಂಡು ಸುಮ್ಮನೆ ಕೂತೆವು.

ಹತ್ತಿರದ ಸಣ್ಣ ಹೋಟೆಲಿನವರೊಬ್ಬರು ರಾತ್ರಿ ಶಟರ್ ಅರ್ಧ ಎತ್ತಿ, ಹಿಂದಿನ ಬಾತ್‌ರೂಮಿಗೆ ಹೆಂಗಸರನ್ನು ಬಿಟ್ಟರು. ದುಡ್ಡು ಕೇಳಲಿಲ್ಲ. ಯಾರೋ ಅನ್ನದ ಪಾತ್ರೆಗಳನ್ನು ಆಟೋದಲ್ಲಿ ತಂದರು. ಬಂದೋಬಸ್ತಿನ ಮಹಿಳಾ ಪೇದೆಯೊಬ್ಬರು ಅಕ್ಕನ ಗುಂಪಿನವರ ಹತ್ತಿರ ಬಂದು, ‘ನಮ್ಮಮ್ಮನೂ ಇದೇ ಕೆಲಸದಲ್ಲಿದ್ರು, ಜೋರಾಗಿ ಕೂಗ್ರಿ’ ಎಂದು ಮೆಲ್ಲಗೆ ಹೇಳಿ ಮುಂದೆ ಹೋದರು.

ಇನ್ನೊಂದು ಮಾತನ್ನೂ ಹೇಳಬೇಕು. ಆ ದಿನಗಳಲ್ಲಿ ನಗರದ ನಡುಭಾಗವೇ ಸ್ತಬ್ಧವಾಗಿತ್ತು. ಮರುದಿನ ಬೆಳಿಗ್ಗೆ ಕಾರಿನಲ್ಲಿ ವಯಸ್ಸಾದ ತಂದೆಯನ್ನು ಡಯಾಲಿಸಿಸ್‌ಗೆ ಕರೆದೊಯ್ಯುತ್ತಿದ್ದವರೊಬ್ಬರು ಸಿಕ್ಕಿಹಾಕಿಕೊಂಡು ಕಣ್ಣೀರು ಹಾಕಿದ್ದನ್ನು ನೋಡಿದೆ. ಹೆಂಗಸರೇ ಎದ್ದು ದಾರಿ ಮಾಡಿಕೊಟ್ಟರು. ಆದರೂ ಅವರ ಒಂದು ಗಂಟೆ ಹೋಗಿತ್ತು. ಅವರ ಸಿಟ್ಟು ತಪ್ಪು ಎಂದು ನಾನು ಹೇಳಲಾರೆ. ಊರಿನಲ್ಲಿ ಕೂತು ವರ್ಷಗಟ್ಟಲೆ ಬರೆದ ಅರ್ಜಿಗೆ ಯಾರಾದರೂ ಉತ್ತರ ಕೊಟ್ಟಿದ್ದರೆ ಇವರು ಈ ರಸ್ತೆಗೆ ಬರುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ.

ಮಧ್ಯಾಹ್ನದ ಹೊತ್ತಿಗೆ ನನಗೆ ಚಡಪಡಿಕೆ. ರಜೆ ಮುಗಿಯುತ್ತದೆ, ಪರೀಕ್ಷೆಗಳು ಹತ್ತಿರ. ‘ಅಕ್ಕ, ನಾನು ಹೊರಡ್ಲಾ? ನೀನೂ ಬಂದ್ಬಿಡು, ನೋಡು ಕಾಲು ಹೇಗೆ ಊದಿದೆ’ ಎಂದೆ.

‘ನೀನು ಹೋಗಪ್ಪ, ಮಕ್ಕಳ ಪರೀಕ್ಷೆ’ ಎಂದಳು. ‘ನಂದೂ ಪರೀಕ್ಷೆನೇ. ಮುಗಿಸ್ಕೊಂಡು ಬರ್ತೀನಿ.’

ನಾನು ಬಂದೆ. ಇದನ್ನು ಬರೆಯುವಾಗ ಬೇರೆ ಥರ ಬರೆಯಬಹುದಿತ್ತು ಅನಿಸುತ್ತದೆ. ಆದರೆ ನಡೆದದ್ದು ಇದು. ಅವಳು ಇನ್ನೂ ಎರಡು ರಾತ್ರಿ ಅಲ್ಲೇ ಇದ್ದಳು. ಮುಖ್ಯಮಂತ್ರಿಗಳು ಮಾತುಕತೆಯ ಭರವಸೆ ಕೊಟ್ಟ ಮೇಲೆ 23ರಂದು, ನಾಲ್ಕನೆಯ ದಿನ, ಧರಣಿ ನಿಂತಿತು. ಮುಂದೆ ಗೌರವಧನ ಸ್ವಲ್ಪ ಏರಿತು, ಕೇಳಿದ ಹತ್ತು ಸಾವಿರ ಆಗ ಸಿಗಲಿಲ್ಲ. ಅಕ್ಕ ಊರಿಗೆ ಬಂದ ಮರುದಿನ ಬೆಳಿಗ್ಗೆ ಅಂಗನವಾಡಿಯ ಬೀಗ ತೆಗೆದಳು. ನಾಲ್ಕು ದಿನದ ತೂಕ ಬಾಕಿ ಇತ್ತಂತೆ.

ಮತ್ತೆ ಅದೇ ದಾರಿ

ಆ ಮೆರವಣಿಗೆಯ ದಾರಿ ಈಗ ಹಾಗಿಲ್ಲ. ನಗರದ ರಸ್ತೆಗಳಲ್ಲಿ ಜಾಥಾ, ಧರಣಿಗಳಿಂದ ಆಗುವ ತೊಂದರೆಯನ್ನು 2021ರಲ್ಲಿ ಹೈಕೋರ್ಟು ತಾನೇ ಕೈಗೆತ್ತಿಕೊಂಡಿತು. ಆ ಬಳಿಕ ಬಂದ ಆದೇಶ ಪ್ರತಿಭಟನೆಗಳನ್ನು ಫ್ರೀಡಂ ಪಾರ್ಕಿನ ಒಳಕ್ಕೇ ಸೀಮಿತ ಮಾಡಿತು. ಕಾರಿನಲ್ಲಿ ಅತ್ತವರನ್ನು ನೆನೆದರೆ ಇದು ಸರಿ. ಹೆಂಗಸರನ್ನು ನೆನೆದರೆ, ನಗರಕ್ಕೆ ಈಗ ಅವರ ಮುಖ ನೋಡದೆ ಇರುವ ಅನುಕೂಲವೂ ಸಿಕ್ಕಿತು ಅನಿಸುತ್ತದೆ.

ಅಕ್ಕ 2021ರಲ್ಲಿ ನಿವೃತ್ತಳಾದಳು. ಮೂವತ್ತೆಂಟು ವರ್ಷದ ಸೇವೆ. ಶಾಲು, ಹಾರ, ಒಂದು ಸ್ಟೀಲಿನ ಕೊಡ. ತಿಂಗಳ ಪಿಂಚಣಿ ಇಲ್ಲ. 2022ರ ಏಪ್ರಿಲ್ 25ರಂದು, ಗುಜರಾತಿನ ಕಾರ್ಯಕರ್ತೆಯರ ಮೊಕದ್ದಮೆಯಲ್ಲಿ, 1972ರ ಗ್ರಾಚ್ಯುಟಿ ಕಾಯ್ದೆ ಅಂಗನವಾಡಿಯವರಿಗೂ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಪೇಪರಿನಲ್ಲಿ ಓದಿ ನಾನು ಅವಳ ಮನೆಗೆ ಓಡಿದೆ. ಆ ಕಾಯ್ದೆಯ ಲೆಕ್ಕ ಸುಲಭ: ಕೊನೆಯ ತಿಂಗಳ ಹಣವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಬೇಕು. 38 ವರ್ಷಕ್ಕೆ, ಪಡೆಯುತ್ತಿದ್ದ ಪ್ರತಿ ಸಾವಿರ ರೂಪಾಯಿಗೆ ಸುಮಾರು 22 ಸಾವಿರ. ಕ್ಯಾಲೆಂಡರಿನ ಹಿಂದೆ ಬರೆದು ತೋರಿಸಿದೆ. ಅಕ್ಕ ಬಹಳ ಹೊತ್ತು ಆ ಅಂಕಿ ನೋಡಿ, ‘ನಾನು ತೀರ್ಪಿಗೆ ಮುಂಚೆನೇ ರಿಟೈರ್ಡ್ ಆದೆನಲ್ಲೋ’ ಎಂದಳು. ಅರ್ಜಿ ಹಾಕಿದೆವು. ಅದು ಒಂದು ಕಚೇರಿಯಿಂದ ಇನ್ನೊಂದಕ್ಕೆ ಹೋಗಿ ಬರುತ್ತಿದೆ.

ನನಗಾದರೆ ನಿವೃತ್ತಿಗೆ ಇನ್ನು ಕೆಲವೇ ವರ್ಷ. 2006ರ ಏಪ್ರಿಲ್‌ಗೆ ಮುಂಚೆ ಕೆಲಸಕ್ಕೆ ಸೇರಿದವನಾದ್ದರಿಂದ ಹಳೆಯ ಪಿಂಚಣಿ. ನನಗೆ ಬರುವ ಹಣದ ಲೆಕ್ಕ ರೂಪಾಯಿ ಪೈಸೆಯವರೆಗೆ ಗೊತ್ತು. ಒಂದೇ ಮನೆಯ ಇಬ್ಬರು. ಒಬ್ಬಳ 275 ರೂಪಾಯಿಯಲ್ಲಿ ಇನ್ನೊಬ್ಬ ಓದಿ ಈ ಲೆಕ್ಕ ಕಲಿತದ್ದು.

2025ರ ಜನವರಿಯಲ್ಲಿ ಅಕ್ಕನ ಕಣ್ಣಿನ ಪೊರೆ ತೋರಿಸಲು ಬೆಂಗಳೂರಿಗೆ ಹೋಗಿದ್ದೆವು. ಸ್ಟೇಷನ್ನಿನಲ್ಲಿ ಇಳಿದಾಗ ಅವಳೇ, ‘ನಡ್ಕೊಂಡು ಹೋಗೋಣ, ಆಸ್ಪತ್ರೆಗೆ ಇನ್ನೂ ಹೊತ್ತಿದೆ’ ಎಂದಳು. ಅದೇ ಲಾಡ್ಜುಗಳು, ಅದೇ ಮೇಲ್ಸೇತುವೆ. ನಿಧಾನವಾಗಿ ನಡೆದು ಫ್ರೀಡಂ ಪಾರ್ಕಿನ ಹತ್ತಿರ ಬಂದರೆ ಒಳಗೆಲ್ಲ ಗುಲಾಬಿ ಬಣ್ಣ. ಆಶಾ ಕಾರ್ಯಕರ್ತೆಯರು. 2005ರಲ್ಲಿ ಶುರುವಾದ ಯೋಜನೆಯ ಈ ಹೆಣ್ಣುಮಕ್ಕಳನ್ನು 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಗೌರವಿಸಿತ್ತು. ಇವರೂ ಗೌರವವನ್ನು ಮನೆಯಲ್ಲಿಟ್ಟು, ತಿಂಗಳಿಗೆ ಒಂದು ನಿಶ್ಚಿತ ಮೊತ್ತ ಬೇಕು ಎಂದು ಕೇಳಲು ಬಂದಿದ್ದರು. ಆ ಸಲ ನಾಲ್ಕು ದಿನ ಅವರು ಅಲ್ಲಿ ಕೂತಿದ್ದರು.

ಅಕ್ಕ ಗೇಟಿನೊಳಗೆ ಹೋಗಿ, ಪರಿಚಯವಿಲ್ಲದವರ ನಡುವೆ ಜಾಗ ಮಾಡಿಕೊಂಡು ಕೂತಳು. ಪಕ್ಕದಲ್ಲಿ ಮೂವತ್ತರ ಆಸುಪಾಸಿನ ಹುಡುಗಿ. ‘ನೀವು ಯಾವ ಡಿಪಾರ್ಟ್‌ಮೆಂಟಮ್ಮ?’ ಎಂದು ಕೇಳಿದಳು. ‘ಅಂಗನವಾಡಿ, ರಿಟೈರ್ಡು’ ಎಂದಳು ಅಕ್ಕ. ‘ಪೆನ್ಶನ್ ಎಷ್ಟು ಬರುತ್ತೆ?’

ಅಕ್ಕ ನಕ್ಕಳು. ಆ ನಗುವಿನ ಅರ್ಥ ಈಗ ನನಗೆ ಗೊತ್ತಾಗುತ್ತದೆ. ಬ್ಯಾಗಿನಿಂದ ನೀರಿನ ಬಾಟಲಿ ತೆಗೆದು ಆ ಹುಡುಗಿಗೆ ಕೊಟ್ಟು, ‘ಮೊದಲು ನೀರು ಕುಡಿ. ಅಲ್ಲಿ ಮೂಲೇಲಿ ಬಾತ್‌ರೂಮ್ ಇದೆ, ನೋಡ್ಕೊಂಡು ಬಂದಿದೀನಿ’ ಎಂದಳು.

ಒಂಬತ್ತನೆಯ ತರಗತಿಗೆ ‘ಕೆಲಸ’ದ ಪಾಠ ಈಗಲೂ ಮಾಡುತ್ತೇನೆ. ಈ ವರ್ಷವೂ ಒಬ್ಬಳು ಎದ್ದು ಅದೇ ಪ್ರಶ್ನೆ ಕೇಳಿದಳು. ಪರೀಕ್ಷೆಯಲ್ಲಿ ಸೊನ್ನೆ ಎಂದೇ ಬರೆಯಬೇಕು, ಸೂತ್ರ ಬದಲಾಗುವುದಿಲ್ಲ ಎಂದೆ. ಆಮೇಲೆ ಪುಸ್ತಕ ಮುಚ್ಚಿ, ಮುಂದಿನ ಹತ್ತು ನಿಮಿಷ ಅಕ್ಕನ ತಕ್ಕಡಿಯ ಬಗ್ಗೆ ಹೇಳಿದೆ. ಗಂಟೆ ಹೊಡೆದದ್ದು ಯಾರಿಗೂ ಕೇಳಿಸಲಿಲ್ಲ.